ಸಿನಿಮಾ ದೃಶ್ಯ ಇಟ್ಟುಕೊಂಡು ನಟನೆ ಕಲಿಸುವುದು: ರಂಗ ಶಿಕ್ಷಕರಿಗೆ ಸಮಗ್ರ ಮಾರ್ಗದರ್ಶಿ

ಸಿನಿಮಾ ದೃಶ್ಯ ತೋರಿಸಿ ನಟನೆ ಕಲಿಸುವ ತರಗತಿ ಕೆಟ್ಟರೆ ಮೊದಲ ಹತ್ತು ನಿಮಿಷದಲ್ಲೇ ಕೆಡುತ್ತದೆ. ಮೇಷ್ಟ್ರು ದೃಶ್ಯ ಹಾಕುತ್ತಾರೆ, ಮಕ್ಕಳು ಮೈಮರೆತು ನೋಡುತ್ತಾರೆ, ‘ಸರಿ, ಈಗ ನೀವು ಮಾಡಿ’ ಎಂದ ಮೇಲೆ ಬರುವುದೆಲ್ಲ ಮಿಮಿಕ್ರಿ. ಆ ನಟ ಎಲ್ಲಿ ತಲೆ ಎತ್ತಿದ, ಎಲ್ಲಿ ದನಿ ಒಡೆಯಿತು ಎಂಬುದು ಕಣ್ಣಲ್ಲಿ ಕೂತುಬಿಟ್ಟಿರುತ್ತದೆ. ಅವನು ಯಾಕೆ ತಲೆ ಎತ್ತಿದ ಎಂದು ಕೇಳಿದರೆ ಉತ್ತರವಿಲ್ಲ.

ಆದ್ದರಿಂದ ಈ ಮಾರ್ಗದರ್ಶಿಯ ಕ್ರಮ ತಿರುಗುಮುರುಗು. ಮೊದಲು ಓದಬೇಕು, ಆಮೇಲೆ ಆಡಬೇಕು, ಅದಾದ ಮೇಲಷ್ಟೇ ನೋಡಬೇಕು. ನೋಡಿದ್ದನ್ನು ಬಿಚ್ಚಿ, ನಟರ ಪಾಲೆಷ್ಟು, ಕ್ಯಾಮೆರಾದ ಪಾಲೆಷ್ಟು ಎಂದು ಬೇರ್ಪಡಿಸಿ, ಮತ್ತೆ ಆಡಬೇಕು. ಇಲ್ಲಿನ ಲೆಕ್ಕಗಳೆಲ್ಲ 12ರಿಂದ 16 ವಿದ್ಯಾರ್ಥಿಗಳ ತರಗತಿಗೆ, ಒಂದು ದೃಶ್ಯಕ್ಕೆ ಎರಡೂವರೆ ಗಂಟೆಯ ಐದು ಪಾಠ ಎಂಬ ಅಂದಾಜಿನಲ್ಲಿವೆ. ಒಂದೇ ದಿನದಲ್ಲಿ ಮೂರು ದೃಶ್ಯ ಮುಗಿಸುವ ಶಿಬಿರಗಳಿಗೆ ಇದು ಹೊಂದುವುದಿಲ್ಲ. ಅಲ್ಲಿ ಒಂದೇ ದೃಶ್ಯ ಹಿಡಿದು ಮೊದಲ ಮೂರು ಪಾಠ ಮಾಡಿದರೆ ಸಾಕು.

ರಂಗಶಿಕ್ಷಣಕ್ಕೂ ಸಿನಿಮಾ ನೋಡುವುದಕ್ಕೂ ಕನ್ನಡದಲ್ಲಿ ಹಳೆಯ ನಂಟಿದೆ. ಹೆಗ್ಗೋಡಿನ ನೀನಾಸಮ್‌ನಲ್ಲಿ 1980ರಲ್ಲಿ ರಂಗಶಿಕ್ಷಣ ಕೇಂದ್ರ ಶುರುವಾಗುವುದಕ್ಕೆ ಮೊದಲೇ, 1973ರಲ್ಲಿ, ಚಿತ್ರಸಮಾಜ ಹುಟ್ಟಿತ್ತು. ಹಾಗಾಗಿ ‘ನಾಟಕದ ಮಕ್ಕಳಿಗೆ ಸಿನಿಮಾ ಯಾಕೆ’ ಎಂದು ಆಡಳಿತ ಮಂಡಳಿಯವರು ಕೇಳಿದರೆ ಹಿಂಜರಿಯಬೇಕಿಲ್ಲ. ರಂಗದ ಮೇಲಿನ ಅಭಿನಯ ಅವತ್ತಿಗೆ ಮುಗಿದುಹೋಗುತ್ತದೆ. ಸಿನಿಮಾದಲ್ಲಿ ಅದೇ ಎರಡು ಸೆಕೆಂಡನ್ನು ಇಪ್ಪತ್ತು ಸಲ ತಿರುಗಿಸಿ ನೋಡಬಹುದು. ಈ ಒಂದು ಅನುಕೂಲಕ್ಕಾಗಿಯೇ ಇಷ್ಟೆಲ್ಲ ತೊಂದರೆ ತೆಗೆದುಕೊಳ್ಳುವುದು.

ದೃಶ್ಯ ಆರಿಸುವುದು

ಉದ್ದ ಎರಡರಿಂದ ನಾಲ್ಕು ನಿಮಿಷ. ಅದಕ್ಕಿಂತ ಚಿಕ್ಕದಾದರೆ ದೃಶ್ಯದೊಳಗೆ ತಿರುವೇ ಇರುವುದಿಲ್ಲ, ಐದು ನಿಮಿಷ ದಾಟಿದರೆ ಬಿಚ್ಚುವುದಕ್ಕೆ ಹೊತ್ತು ಸಾಲುವುದಿಲ್ಲ. ಪಾತ್ರಗಳು ಎರಡು, ಹೆಚ್ಚೆಂದರೆ ಮೂರು. ಒಬ್ಬರಿಗೆ ಇನ್ನೊಬ್ಬರಿಂದ ಏನೋ ಬೇಕಾಗಿರಬೇಕು, ಕೊಡುವುದಕ್ಕೆ ಅವರಿಗೆ ಇಷ್ಟವಿರಬಾರದು. ದೃಶ್ಯ ಮುಗಿಯುವಾಗ ಇಬ್ಬರ ನಡುವಿನ ಲೆಕ್ಕ ಬದಲಾಗಿರಬೇಕು.

ಹಾಡು, ಹೊಡೆದಾಟ, ನಾಲ್ಕು ಹೆಜ್ಜೆಗೊಂದು ಕಟ್ ಇರುವ ದೃಶ್ಯ ಬೇಡ. ಹಿನ್ನೆಲೆ ಸಂಗೀತ ಭೋರ್ಗರೆಯುವ ದೃಶ್ಯವೂ ಬೇಡ, ಅಲ್ಲಿ ಅಳುತ್ತಿರುವುದು ಪಿಟೀಲೋ ನಟಿಯೋ ಎಂದು ಹೇಳುವುದು ಕಷ್ಟ. ಒಂದು ನಿಮಿಷದಲ್ಲಿ ಎಷ್ಟು ಸಲ ಶಾಟ್ ಬದಲಾಯಿತು ಎಂದು ಬೆರಳಲ್ಲಿ ಎಣಿಸಿ. ಹತ್ತರೊಳಗಿದ್ದರೆ ತರಗತಿಗೆ ಒಳ್ಳೆಯದು. ಇಪ್ಪತ್ತು ದಾಟಿದರೆ ಬಿಟ್ಟುಬಿಡಿ.

ಎಲ್ಲರಿಗೂ ಬಾಯಿಪಾಠವಾಗಿರುವ ದೃಶ್ಯವನ್ನು ಮೊದಲ ವರ್ಷದವರಿಗೆ ಕೊಡಬಾರದು. 1972ರ ‘ನಾಗರಹಾವು’ ಚಿತ್ರದಲ್ಲಿ ಅಲಮೇಲುವನ್ನು ಬಿಟ್ಟುಕೊಡುವಂತೆ ಚಾಮಯ್ಯ ಮೇಷ್ಟ್ರು ರಾಮಾಚಾರಿಯ ಮನ ಒಲಿಸುವ ಸನ್ನಿವೇಶವಿದೆ. ಒಬ್ಬ ಮನುಷ್ಯ ಇನ್ನೊಬ್ಬನನ್ನು ತನ್ನ ದಾರಿಗೆ ಎಳೆದುಕೊಳ್ಳುವ ಬಗೆಯನ್ನು ಕಲಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ಕಡಿಮೆ. ಆದರೆ ಕೆ.ಎಸ್. ಅಶ್ವಥ್ ಅವರ ದನಿ, ವಿಷ್ಣುವರ್ಧನ್ ಅವರ ನೋಟ ಕನ್ನಡದ ಮಕ್ಕಳ ಕಿವಿಗಣ್ಣಲ್ಲಿ ಮೊದಲೇ ಕೂತಿರುತ್ತವೆ. ಕ್ರಿಯೆ ಹುಡುಕುವ ಅಭ್ಯಾಸ ಗಟ್ಟಿಯಾದ ಮೇಲೆ, ಎರಡನೆಯ ವರ್ಷದಲ್ಲಿ, ಅದನ್ನು ಎತ್ತಿಕೊಳ್ಳಿ.

ಯಾವುದನ್ನು ಕಲಿಸಬೇಕೆಂದಿದ್ದೀರೋ ಅದರ ಮೇಲೆ ದೃಶ್ಯದ ಆಯ್ಕೆ ನಿಂತಿದೆ. ಮಾತಿಲ್ಲದ ದೇಹಕ್ರಿಯೆಗೆ ಬಿ.ವಿ. ಕಾರಂತರು 1975ರಲ್ಲಿ ನಿರ್ದೇಶಿಸಿದ ‘ಚೋಮನ ದುಡಿ’. ನೋಡುವ, ಕೇಳಿಸಿಕೊಳ್ಳುವ ಪಾಠಕ್ಕೆ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977). ಉಸಿರು, ಉಚ್ಚಾರ, ಕಂಪನಿ ನಾಟಕದ ಎತ್ತರದ ಶೈಲಿಗೆ ಅದೇ 1977ರ ‘ಬಭ್ರುವಾಹನ’, ಗುಬ್ಬಿ ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್ ಅರ್ಜುನನಾಗಿಯೂ ಬಭ್ರುವಾಹನನಾಗಿಯೂ ತಮಗೆ ತಾವೇ ಎದುರು ನಿಂತ ಚಿತ್ರ. ನಟನೆಯ ತರಬೇತಿಯೇ ಇಲ್ಲದ ಮಂಡ್ಯ ಕಡೆಯ ಹಳ್ಳಿಗರು ಅಭಿನಯಿಸಿದ ‘ತಿಥಿ’ (2015) ಇನ್ನೊಂದು ತುದಿ. ಇವಿಷ್ಟನ್ನೇ ಹಿಡಿದುಕೊಂಡರೂ ಒಂದು ವರ್ಷದ ಪಾಠ ತೂಗುತ್ತದೆ.

ಹಕ್ಕಿನ ಪ್ರಶ್ನೆಯನ್ನೂ ಇಲ್ಲೇ ಹೇಳಿಬಿಡಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಅಂಗವಾಗಿ ಅಲ್ಲಿನ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪೋಷಕರಷ್ಟೇ ಸೇರಿರುವ ಕಡೆ ಚಿತ್ರ ತೋರಿಸುವುದಕ್ಕೆ ವಿನಾಯಿತಿ ಕೊಟ್ಟಿದೆ. ಟಿಕೆಟ್ ಇಟ್ಟು ಊರವರಿಗೆ ತೋರಿಸುವುದು ಬೇರೆ ಮಾತು. ಮಕ್ಕಳು ಆಡಿದ ದೃಶ್ಯವನ್ನು ಯೂಟ್ಯೂಬ್‌ಗೆ ಹಾಕುವುದೂ ಅಷ್ಟೇ.

ತರಗತಿಗೆ ಮುಂಚಿನ ಮನೆಗೆಲಸ

ಮೇಷ್ಟ್ರು ದೃಶ್ಯವನ್ನು ಕಡಿಮೆ ಎಂದರೆ ಆರು ಸಲ ನೋಡಿರಬೇಕು. ಸಂಭಾಷಣೆಯನ್ನು ಕೇಳಿ ಬರೆದುಕೊಳ್ಳಿ, ‘ಅಂ’, ‘ಹೂಂ’, ನಿಟ್ಟುಸಿರು ಸಮೇತ. ಆಮೇಲೆ ಎರಡು ಪ್ರತಿ ಮಾಡಿ. ವಿದ್ಯಾರ್ಥಿಗಳ ಪ್ರತಿಯಲ್ಲಿ ಬರೀ ಮಾತು ಇರಲಿ: ಚಿತ್ರದ ಹೆಸರು, ನಟರ ಹೆಸರು, ‘ಕೋಪದಿಂದ’, ‘ಗದ್ಗದಿತಳಾಗಿ’ ಎಂಬ ಸೂಚನೆ ಯಾವುದೂ ಬೇಡ. ನಿಮ್ಮ ಪ್ರತಿಯ ಅಂಚಿನಲ್ಲಿ ಪ್ರತಿ ಕಟ್‌ಗೂ ಒಂದು ಗೆರೆ ಎಳೆದು, ಅದು ಕ್ಲೋಸಪ್ಪೋ, ಮಿಡ್ ಶಾಟೋ, ಲಾಂಗ್ ಶಾಟೋ ಎಂದು ಬರೆದು, ಎಷ್ಟು ಸೆಕೆಂಡ್ ನಿಂತಿತು ಎಂದು ಗುರುತು ಹಾಕಿ. ಮೂರು ನಿಮಿಷದ ದೃಶ್ಯಕ್ಕೆ ಇದು ಒಂದು ಗಂಟೆಯ ಕೆಲಸ. ಇದನ್ನು ಬಿಟ್ಟು ತರಗತಿಗೆ ಹೋದರೆ ರಿಮೋಟ್ ಹಿಡಿದು ಹುಡುಕುವುದರಲ್ಲೇ ಅರ್ಧ ಪಾಠ ಕಳೆಯುತ್ತದೆ.

ಸಲಕರಣೆ ಹೆಚ್ಚೇನೂ ಬೇಡ. ಪ್ರೊಜೆಕ್ಟರ್ ಅಥವಾ ದೊಡ್ಡ ಟಿವಿ, ಲ್ಯಾಪ್‌ಟಾಪ್, ಅದಕ್ಕೊಂದು ಬೇರೆ ಸ್ಪೀಕರ್ (ಲ್ಯಾಪ್‌ಟಾಪಿನ ದನಿಯಲ್ಲಿ ನಟರ ಉಸಿರು ಕೇಳುವುದಿಲ್ಲ), ಎರಡು ಮೊಬೈಲು, ಒಂದು ಸ್ಟ್ಯಾಂಡು. ಪ್ಲೇಯರ್‌ಗೆ ವಿಎಲ್‌ಸಿ ಸಾಕು. ಅದರಲ್ಲಿ ಇಂಗ್ಲಿಷಿನ ‘ಇ’ ಅಕ್ಷರದ ಕೀಲಿ ಒತ್ತುತ್ತ ಹೋದರೆ ಒಂದೊಂದೇ ಫ್ರೇಮ್ ಮುಂದೆ ಸರಿಯುತ್ತದೆ. ಸಿನಿಮಾಗೆ ಸೆಕೆಂಡಿಗೆ 24 ಫ್ರೇಮ್. ಒಂದು ರೆಪ್ಪೆ ಬಡಿತ ಎಷ್ಟು ಫ್ರೇಮ್ ಹಿಡಿಯಿತು ಎಂದು ಎಣಿಸಿ ತೋರಿಸಿದರೆ ಮಕ್ಕಳ ನೋಟವೇ ಬದಲಾಗುತ್ತದೆ.

ಮೊದಲ ಪಾಠ: ನೋಡದೆ ಆಡುವುದು

ಜೋಡಿ ಮಾಡಿ, ಹಾಳೆ ಕೊಡಿ. ಮೊದಲ ಅರ್ಧ ಗಂಟೆ ಕೂತು ಓದಲಿ, ಬಣ್ಣ ಹಚ್ಚದೆ, ಪತ್ರಿಕೆ ಓದಿದ ಹಾಗೆ. ಆಮೇಲೆ ಪ್ರತಿ ಜೋಡಿಯೂ ಈ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು: ಇದು ಎಲ್ಲಿ, ಯಾವ ಹೊತ್ತು? ಒಂದು ಗಂಟೆ ಮುಂಚೆ ಇಬ್ಬರೂ ಎಲ್ಲಿದ್ದರು? ಇವರು ಒಬ್ಬರಿಗೊಬ್ಬರು ಏನಾಗಬೇಕು, ನೀನು ಎನ್ನುತ್ತಾರೋ ನೀವು ಎನ್ನುತ್ತಾರೋ? ನನಗೆ ಇವರಿಂದ ಏನು ಬೇಕು? ಅದು ಸಿಗದಿದ್ದರೆ ನಾಳೆ ಬೆಳಿಗ್ಗೆ ನನ್ನ ಗತಿ ಏನು?

ಕೊನೆಯ ಪ್ರಶ್ನೆಯನ್ನು ಎಲ್ಲರೂ ಹಾರಿಸುತ್ತಾರೆ. ಹಾರಿಸಲು ಬಿಡಬೇಡಿ. ಅದಕ್ಕೆ ಉತ್ತರವಿಲ್ಲದ ಜೋಡಿ ಆಡಿದ ದೃಶ್ಯದಲ್ಲಿ ಯಾರಿಗೂ ಅವಸರ ಇರುವುದಿಲ್ಲ, ಮಾತು ಮುಗಿದ ಮೇಲೆ ಇಬ್ಬರೂ ಸುಮ್ಮನೆ ನಿಂತಿರುತ್ತಾರೆ.

ಭಾಷೆಯ ಮಾತೂ ಇಲ್ಲೇ ಬರಬೇಕು. ಮೂಲ ಮಂಡ್ಯದ ಕನ್ನಡದಲ್ಲಿದ್ದು ಹುಡುಗಿ ಧಾರವಾಡದವಳಾದರೆ, ಮೊದಲ ಸುತ್ತಿನಲ್ಲಿ ಅವಳು ತನ್ನ ಮನೆಮಾತಿಗೇ ತಿರುಗಿಸಿಕೊಳ್ಳಲಿ. ‘ಯಾಕ್ ಬಂದೆ’ ಎಂಬುದು ‘ಯಾಕ ಬಂದಿ’ ಆದ ಕೂಡಲೇ ಬೆನ್ನು, ಕುತ್ತಿಗೆ, ಕೈ ಎಲ್ಲವೂ ಸಡಿಲಾಗುವುದು ಕಣ್ಣಿಗೇ ಕಾಣುತ್ತದೆ. ಬೇರೆ ಊರಿನ ಕನ್ನಡವನ್ನು ಅನುಕರಿಸುವ ಶ್ರಮ ನಟನೆಯ ಮೇಲೆ ಹೇರಿಕೆ. ಅದನ್ನು ಕೊನೆಗೆ ಸೇರಿಸಿಕೊಳ್ಳಬಹುದು.

ಪಾಠದ ಕೊನೆಯ ಮುಕ್ಕಾಲು ಗಂಟೆ ಎಲ್ಲ ಜೋಡಿಗಳೂ ಒಂದೊಂದು ಸಲ ಆಡಲಿ, ಮೊಬೈಲಲ್ಲಿ ಹಿಡಿದಿಡಿ. ತಿದ್ದಬೇಡಿ, ಹೊಗಳಲೂ ಬೇಡಿ. ಐದನೆಯ ಪಾಠದಲ್ಲಿ ಈ ವಿಡಿಯೊ ಬೇಕಾಗುತ್ತದೆ.

ಎರಡನೆಯ ಪಾಠ: ನಾಲ್ಕು ಸಲ ನೋಡುವುದು

ಒಂದನೆಯ ಸಲ ಹಾಗೇ ನೋಡಲಿ. ಎರಡನೆಯ ಸಲ ದನಿ ಪೂರ್ತಿ ತೆಗೆದು ನೋಡಲಿ. ಮೂರನೆಯ ಸಲ ಪರದೆಗೆ ಬೆನ್ನು ಹಾಕಿ ಕೂತು ಬರೀ ಕೇಳಲಿ. ನಾಲ್ಕನೆಯ ಸಲ ನೀವು ಗುರುತು ಹಾಕಿಕೊಂಡ ಕಡೆ ನಿಲ್ಲಿಸುತ್ತ ಹೋಗಿ. ಒಂದನೆಯ ಸಲ ಆದ ಮೇಲೆ ಚರ್ಚೆ ಬೇಡ. ಅಲ್ಲಿ ಶುರುವಾದರೆ ಚಿತ್ರದ ಕಥೆ, ನಿರ್ದೇಶಕ, ಪ್ರಶಸ್ತಿ ಎಂದು ಹೊತ್ತು ಹೋಗುತ್ತದೆ.

ಬರೆದುಕೊಳ್ಳುವುದಕ್ಕೆ ನಮ್ಮಲ್ಲೇ ಇರುವ ವಿಂಗಡಣೆ ಸಾಕು: ಆಂಗಿಕ (ದೇಹದ್ದು), ವಾಚಿಕ (ಮಾತಿನದ್ದು), ಆಹಾರ್ಯ (ಉಡುಗೆ-ತೊಡುಗೆಯದ್ದು), ಸಾತ್ವಿಕ (ಒಳಗಿನ ಭಾವ ತಾನಾಗಿ ಮೈಮೇಲೆ ಕಂಡದ್ದು). ಹಾಳೆಯಲ್ಲಿ ನಾಲ್ಕು ಕಾಲಮ್ಮು. ದನಿ ತೆಗೆದು ನೋಡುವಾಗ ಆಂಗಿಕ, ಆಹಾರ್ಯ ತುಂಬಲಿ. ಬೆನ್ನು ಹಾಕಿ ಕೇಳುವಾಗ ವಾಚಿಕ: ಎಲ್ಲಿ ಉಸಿರು ತೆಗೆದುಕೊಂಡರು, ಯಾವ ಪದದ ಮುಂಚೆ ನಿಂತರು, ಎಲ್ಲಿ ವೇಗ ಹೆಚ್ಚಿತು. ಸಾತ್ವಿಕವನ್ನು ಕೊನೆಗೆ ಬಿಡಿ. ಕಣ್ಣು ಒದ್ದೆಯಾದದ್ದು, ದನಿ ನಡುಗಿದ್ದು, ಮುಖ ಬಿಳಿಚಿದ್ದು ನಿಜಕ್ಕೂ ಕಂಡಿದ್ದರೆ ಮಾತ್ರ ಅಲ್ಲಿ ಬರೆಯಬೇಕು.

ಒಂದು ನಿಯಮವನ್ನು ಬಿಗಿಯಾಗಿ ಹಿಡಿಯಿರಿ: ಕಂಡದ್ದನ್ನು ಬರೆಯಬೇಕು, ಅರ್ಥ ಬರೆಯಬಾರದು. ‘ಅವನಿಗೆ ಆಘಾತವಾಯಿತು’ ಎಂದು ಬರೆದರೆ ಹಾಳೆ ವಾಪಸ್. ‘ಸುದ್ದಿ ಕೇಳುವಾಗ ಲೋಟ ತುಟಿಯ ಹತ್ತಿರ ಇತ್ತು. ಅಲ್ಲೇ ನಿಂತಿತು. ಎರಡು ಸೆಕೆಂಡ್ ಬಿಟ್ಟು, ಕುಡಿಯದೆ ಕೆಳಗಿಟ್ಟ. ಇಡುವಾಗ ಲೋಟ ನೋಡಲಿಲ್ಲ’ ಎಂದು ಬರೆದರೆ ಅದು ನಟನಿಗೆ ಉಪಯೋಗ. ಆಘಾತವನ್ನು ಯಾರೂ ಆಡಲಾರರು, ಲೋಟವನ್ನು ನೋಡದೆ ಕೆಳಗಿಡುವುದನ್ನು ಯಾರೂ ಆಡಬಲ್ಲರು. ಮೊದಲ ದಿನ ಹತ್ತಕ್ಕೆ ಏಳು ಸಾಲು ಅರ್ಥದ ಸಾಲುಗಳೇ ಆಗಿರುತ್ತವೆ. ಬೇಸರಪಡದೆ ‘ನೀನು ಏನು ಕಂಡು ಹಾಗೆ ಅಂದುಕೊಂಡೆ?’ ಎಂದು ಕೇಳುತ್ತ ಹೋದರೆ ಮೂರನೆಯ ದೃಶ್ಯದ ಹೊತ್ತಿಗೆ ಅಭ್ಯಾಸವಾಗುತ್ತದೆ.

ಕ್ಯಾಮೆರಾದ ಪಾಲು ತೆಗೆದಿಡುವುದು

ರಷ್ಯಾದ ಲೆವ್ ಕುಲೆಶೋವ್ ಮಾಡಿದ ಒಂದು ಪ್ರಯೋಗ ಎಲ್ಲ ಸಿನಿಮಾ ಶಾಲೆಗಳಲ್ಲೂ ಪಾಠ. ನಟ ಇವಾನ್ ಮೊಝುಖಿನ್ ಅವರ ಭಾವವಿಲ್ಲದ ಮುಖದ ಒಂದೇ ಶಾಟನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಇನ್ನೊಮ್ಮೆ ಶವಪೆಟ್ಟಿಗೆಯ ಜೊತೆ ಜೋಡಿಸಿ ತೋರಿಸಿದಾಗ, ನೋಡಿದವರು ಒಂದರಲ್ಲಿ ಹಸಿವನ್ನೂ ಇನ್ನೊಂದರಲ್ಲಿ ದುಃಖವನ್ನೂ ಕಂಡರು. ಮುಖ ಒಂದೇ.

ಇದನ್ನು ಹೇಳಿ ಬಿಡಬೇಡಿ, ಮಾಡಿಸಿ. ಇಪ್ಪತ್ತು ನಿಮಿಷದ ಕೆಲಸ. ಒಬ್ಬ ವಿದ್ಯಾರ್ಥಿಯನ್ನು ಗೋಡೆಯ ಮೇಲಿನ ಒಂದು ಚುಕ್ಕಿ ನೋಡುತ್ತ ಕೂರಿಸಿ, ಮುಖವನ್ನು ಮೊಬೈಲಲ್ಲಿ ಐದು ಸೆಕೆಂಡ್ ಹಿಡಿಯಿರಿ. ಆಮೇಲೆ ಮೂರು ಬೇರೆ ಶಾಟು: ಬಿಸಿ ಊಟದ ತಟ್ಟೆ, ಮಡಚಿಟ್ಟ ಖಾಲಿ ಹಾಸಿಗೆ, ಬಾಗಿಲ ಬಳಿ ಬಿಟ್ಟ ಮಗುವಿನ ಚಪ್ಪಲಿ. ಒಂದೊಂದರ ಹಿಂದೆ ಮುಂದೆ ಅದೇ ಮುಖ ಜೋಡಿಸಿ ಪಕ್ಕದ ತರಗತಿಯವರಿಗೆ ತೋರಿಸಿ, ಏನು ಕಂಡಿತು ಎಂದು ಕೇಳಿ. ಚುಕ್ಕಿ ನೋಡಿದ ಹುಡುಗನಿಗೆ ಸಿಗುವ ಹೊಗಳಿಕೆ ಕೇಳಿದ ಮೇಲೆ, ತೆರೆಯ ಮೇಲಿನದೆಲ್ಲ ನಟನ ಕೆಲಸವಲ್ಲ ಎಂದು ಬಾಯಲ್ಲಿ ಹೇಳುವ ಅಗತ್ಯ ಬೀಳುವುದಿಲ್ಲ.

ಈಗ ದೃಶ್ಯಕ್ಕೆ ವಾಪಸ್ ಬನ್ನಿ. ನಿಮ್ಮ ಕಟ್ ಪಟ್ಟಿ ಹಿಡಿದು ಒಂದೊಂದು ಕಡೆಯೂ ಕೇಳಿ: ಇಲ್ಲಿ ನಮ್ಮ ಕಣ್ಣು ಅವಳ ಕೈಗೆ ಹೋದದ್ದು ಅವಳು ಕೈ ಆಡಿಸಿದ್ದಕ್ಕೋ, ಕ್ಯಾಮೆರಾ ಕೈಯನ್ನೇ ತೋರಿಸಿದ್ದಕ್ಕೋ? ಈ ಮೌನ ನಟರು ಹಿಡಿದದ್ದೋ, ಸಂಕಲನದಲ್ಲಿ ಹಿಗ್ಗಿಸಿದ್ದೋ? ದನಿಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಎಷ್ಟೋ ಚಿತ್ರಗಳಲ್ಲಿ ಮಾತನ್ನು ಆಮೇಲೆ ಸ್ಟುಡಿಯೊದಲ್ಲಿ ಡಬ್ ಮಾಡಿರುತ್ತಾರೆ, ಕೆಲವೊಮ್ಮೆ ಬೇರೆಯವರೇ ದನಿ ಕೊಟ್ಟಿರುತ್ತಾರೆ. ಓಡಿ ಬಂದು ಮಾತಾಡುವ ಪಾತ್ರದ ದನಿಯಲ್ಲಿ ಏದುಸಿರೇ ಇಲ್ಲದಿದ್ದರೆ ಅದನ್ನು ಅನುಕರಿಸಿದ ವಿದ್ಯಾರ್ಥಿಯ ದೇಹ ಒಂದು ಕಡೆ, ದನಿ ಒಂದು ಕಡೆ ಆಗುತ್ತದೆ. ಮೂರು ಬಣ್ಣದ ಪೆನ್ನಿನಲ್ಲಿ ನಟನದ್ದು, ಕ್ಯಾಮೆರಾ-ಸಂಕಲನದ್ದು, ಶಬ್ದದ್ದು ಎಂದು ಹಾಳೆಯ ಮೇಲೆ ಗುರುತು ಹಾಕಿಸಿ. ನಟನದ್ದು ಎಂದು ಉಳಿದದ್ದಷ್ಟೇ ಮುಂದಿನ ಪಾಠಕ್ಕೆ ಸಾಮಗ್ರಿ.

ಮೂರನೆಯ ಪಾಠ: ‘ಅನ್ನು’ ಪರೀಕ್ಷೆ

ದೃಶ್ಯವನ್ನು ತುಂಡು ಮಾಡಬೇಕು. ಒಂದು ಪಾತ್ರ ತನಗೆ ಬೇಕಾದ್ದನ್ನು ಪಡೆಯುವ ದಾರಿ ಬದಲಿಸಿದ ಕಡೆ ಹೊಸ ತುಂಡು ಶುರು. ತಾಲೀಮಿನಲ್ಲಿ ಇದಕ್ಕೆ ಬೀಟ್ ಎನ್ನುತ್ತಾರೆ. ಮೂರು ನಿಮಿಷದ ದೃಶ್ಯದಲ್ಲಿ ಐದರಿಂದ ಎಂಟು ಬೀಟ್ ಸಿಗುತ್ತವೆ. ಹದಿನೈದು ಬಂದರೆ ಮಕ್ಕಳು ಸಾಲಿಗೊಂದು ಗೆರೆ ಎಳೆದಿದ್ದಾರೆ ಎಂದರ್ಥ.

ಪ್ರತಿ ಬೀಟ್‌ಗೂ ಒಂದು ಕ್ರಿಯಾಪದ. ಇಲ್ಲಿ ಕನ್ನಡ ವ್ಯಾಕರಣದ ‘ಅನ್ನು’ ಎಂಬ ವಿಭಕ್ತಿ ಪ್ರತ್ಯಯವೇ ನಮ್ಮ ನೆರವಿಗೆ ಬರುತ್ತದೆ. ‘ನಾನು ಅವಳನ್ನು ______ಬೇಕು’ ಎಂಬ ಖಾಲಿ ಜಾಗ ತುಂಬಿಸಿ. ಒಲಿಸಬೇಕು, ಹೆದರಿಸಬೇಕು, ತಡೆಯಬೇಕು, ಚುಚ್ಚಬೇಕು, ನಾಚಿಸಬೇಕು, ಮರೆಸಬೇಕು, ಕೆಣಕಬೇಕು: ಇವೆಲ್ಲ ನಿಲ್ಲುತ್ತವೆ. ‘ನಾನು ಅವಳನ್ನು ದುಃಖಪಡಬೇಕು’ ನಿಲ್ಲುವುದಿಲ್ಲ. ವಾಕ್ಯ ನಿಲ್ಲದಿದ್ದರೆ ನಟನೂ ನಿಲ್ಲಲಾರ, ಏಕೆಂದರೆ ಅವನ ಗಮನ ಎದುರಿನವಳ ಮೇಲಿಲ್ಲ, ತನ್ನ ಮೇಲಿದೆ. ‘ಅವಳಿಗೆ ನೆನಪಿಸಬೇಕು’, ‘ಅವಳಿಂದ ಕಿತ್ತುಕೊಳ್ಳಬೇಕು’ ಎಂದು ಬಂದರೂ ಒಪ್ಪಬಹುದು, ಕ್ರಿಯೆ ಇನ್ನೊಬ್ಬರನ್ನು ಮುಟ್ಟುತ್ತದೆ. ‘ಪ್ರೀತಿಸಬೇಕು’, ‘ದ್ವೇಷಿಸಬೇಕು’ ವ್ಯಾಕರಣಕ್ಕೆ ಸರಿ, ಆಡುವುದಕ್ಕೆ ಸಪ್ಪೆ. ಪ್ರೀತಿಸುವವನು ಈ ಗಳಿಗೆಯಲ್ಲಿ ಏನು ಮಾಡುತ್ತಾನೆ ಎಂದು ಮತ್ತೆ ಕೇಳಿ.

ಸಿನಿಮಾ ದೃಶ್ಯಕ್ಕೆ ಹೋಗುವ ಮೊದಲು ಈ ಪರೀಕ್ಷೆಯನ್ನು ಏನೂ ಅರ್ಥ ಬಿಟ್ಟುಕೊಡದ ಒಂದು ಸಂಭಾಷಣೆಯ ಮೇಲೆ ಅಭ್ಯಾಸ ಮಾಡಿಸಿ:

— ಬಂದ್ಯಾ.
— ಹೂಂ.
— ಊಟ?
— ಆಯ್ತು.
— ಎಲ್ಲಿ?
— ದಾರೀಲಿ.
— ಅಪ್ಪ ಕೇಳ್ತಿದ್ರು.
— ಏನಂತ?
— ಏನಿಲ್ಲ.

ಅಕ್ಕ, ತಮ್ಮ. ಅವನು ಬೆಂಗಳೂರಿನ ಕೆಲಸ ಬಿಟ್ಟು ಬಂದಿದ್ದಾನೆ, ಅದು ಅವಳಿಗೆ ಹೇಗೋ ಗೊತ್ತಾಗಿದೆ, ಒಳಕೋಣೆಯಲ್ಲಿ ಅಪ್ಪ ಮಲಗಿದ್ದಾರೆ. ಈಗ ‘ಊಟ?’ ಎನ್ನುವಾಗ ಅವಳು ವಿಚಾರಿಸುತ್ತಿಲ್ಲ, ಅವನನ್ನು ಜಗಲಿಯಲ್ಲೇ ತಡೆಯುತ್ತಿದ್ದಾಳೆ. ‘ಎಲ್ಲಿ?’ ಎನ್ನುವಾಗ ಅವನನ್ನು ಹಿಡಿದು ಹಾಕುತ್ತಿದ್ದಾಳೆ. ‘ಅಪ್ಪ ಕೇಳ್ತಿದ್ರು’ ಎಂದು ಎಚ್ಚರಿಸುತ್ತಾಳೆ. ‘ಏನಿಲ್ಲ’ ಎನ್ನುವಾಗ ಅವನ ಮುಖ ನೋಡಿ ಮನಸ್ಸು ಬದಲಾಗಿ ಅವನನ್ನು ಬಿಟ್ಟುಬಿಡುತ್ತಾಳೆ. ಒಂದು ಸುತ್ತು ಹೀಗೆ ಆದ ಮೇಲೆ ಅವಳ ಕ್ರಿಯೆಗಳನ್ನು ಬದಲಿಸಿ: ಕೆಲಸ ಬಿಟ್ಟದ್ದು ಗೊತ್ತಿಲ್ಲ, ತಾನು ಅವನ ದುಡ್ಡು ಖರ್ಚು ಮಾಡಿಬಿಟ್ಟಿದ್ದಾಳೆ. ಮಾತು ಅವೇ ಒಂಬತ್ತು. ದೃಶ್ಯ ಪೂರ್ತಿ ಬೇರೆ. ಆಮೇಲೆ ಸಿನಿಮಾ ದೃಶ್ಯದ ಹಾಳೆ ತೆಗೆದು ಅದೇ ಕೆಲಸ ಮಾಡಿದರೆ ಮಕ್ಕಳು ತಾವಾಗಿಯೇ ಚಿತ್ರದ ನಟರು ಆರಿಸಿಕೊಂಡ ಕ್ರಿಯೆಗಿಂತ ಬೇರೆಯದನ್ನು ಹುಡುಕತೊಡಗುತ್ತಾರೆ. ಮಿಮಿಕ್ರಿಗೆ ಇದಕ್ಕಿಂತ ಒಳ್ಳೆಯ ಔಷಧವಿಲ್ಲ.

ಕೈಗೆ ಕೆಲಸ, ಕಿವಿಗೆ ಕೆಲಸ

ನಾಲ್ಕನೆಯ ಪಾಠದ ಮೊದಲ ಗಂಟೆ ಪಾತ್ರದ ಕೈಗೆ ಕೆಲಸ ಕೊಡುವುದಕ್ಕೆ. ಒಳ್ಳೆಯ ಸಿನಿಮಾ ದೃಶ್ಯಗಳಲ್ಲಿ ಮಾತಾಡುವವರ ಕೈ ಖಾಲಿ ಇರುವುದು ಅಪರೂಪ. ನಮ್ಮ ಮಕ್ಕಳು ರಂಗಕ್ಕೆ ಬಂದಾಗ ಕೈ ಎಲ್ಲಿಡಬೇಕೆಂದು ತಿಳಿಯದೆ ಮಾತಿಗೊಂದು ಸಲ ಬೀಸುತ್ತಿರುತ್ತಾರೆ.

ಎಲೆ ಅಡಿಕೆ ಹಾಕುವುದನ್ನು ತೆಗೆದುಕೊಳ್ಳಿ. ಎಲೆ ಒರೆಸುವುದು, ತೊಟ್ಟು ಮುರಿಯುವುದು, ಸುಣ್ಣದ ಡಬ್ಬಿ ತೆರೆಯುವುದು, ಬೆರಳ ತುದಿಯಲ್ಲಿ ಸುಣ್ಣ ತೆಗೆದು ಸವರುವುದು, ಅಡಿಕೆ ಇಡುವುದು, ಮಡಚುವುದು, ಬಾಯಿಗೆ ಹಾಕುವುದು. ಏಳು ಕೆಲಸ, ನಿಜವಾದ ಎಲೆ, ನಿಜವಾದ ಸುಣ್ಣ. ಮೊದಲು ಮಾತಿಲ್ಲದೆ ಐದು ಸಲ ಮಾಡಿಸಿ, ಕೈ ತಾನಾಗಿ ನಡೆಯುವ ತನಕ. ಆಮೇಲೆ ದೃಶ್ಯದ ಮಾತು ಸೇರಿಸಿ. ಸುಣ್ಣ ಸವರುತ್ತಿರುವ ಬೆರಳು ಯಾವ ಮಾತಿಗೆ ನಿಲ್ಲುತ್ತದೆ, ಮತ್ತೆ ಯಾವಾಗ ಹೊರಡುತ್ತದೆ? ಆ ನಿಲುಗಡೆ ಒಂದೇ ಸಲ ಬರಬೇಕು. ಮೂರು ಕಡೆ ನಿಂತರೆ ಯಾವುದಕ್ಕೂ ಬೆಲೆ ಇರುವುದಿಲ್ಲ. ಎಲೆ ಅಡಿಕೆ ಬದಲು ಅವರೆಕಾಯಿ ಸುಲಿಯುವುದು, ಬಟ್ಟೆ ಮಡಚುವುದು, ಸೈಕಲ್ ಚೈನು ಕೂರಿಸುವುದು ಯಾವುದಾದರೂ ಆದೀತು. ಗಾಳಿಯಲ್ಲಿ ಮೂಕಾಭಿನಯ ಮಾತ್ರ ಬೇಡ. ನಿಜವಾದ ವಸ್ತು ಎದುರು ಹಾಕುವ ತೊಡಕೇ ಇಲ್ಲಿ ಪಾಠ.

‘ಚೋಮನ ದುಡಿ’ಯನ್ನು ಈ ಹೊತ್ತಿನಲ್ಲಿ ತೋರಿಸಿದರೆ ಸಾರ್ಥಕ. ಚೋಮನಾಗಿ ಎಂ.ವಿ. ವಾಸುದೇವರಾವ್ ಆ ವರ್ಷದ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಪಡೆದರು. ಕೊನೆಯಲ್ಲಿ ಬಾಗಿಲು ಮುಚ್ಚಿಕೊಂಡು ಚೋಮ ದುಡಿ ಬಾರಿಸುತ್ತಾನೆ, ಅವನ ಬದುಕಿನದ್ದೆಲ್ಲ ಆ ಬಡಿತಕ್ಕೆ ಇಳಿದಿರುತ್ತದೆ. ಅಭ್ಯಾಸ ಹೀಗೆ: ಒಬ್ಬೊಬ್ಬರಿಗೂ ಒಂದು ಮರದ ಮಣೆ. ತಾವು ಬರೆದುಕೊಂಡ ಸನ್ನಿವೇಶ ಮನಸ್ಸಿನಲ್ಲಿಟ್ಟುಕೊಂಡು, ನೋಡುವವರಿಗೆ ಬೆನ್ನು ಹಾಕಿ, ಎರಡು ನಿಮಿಷ ಬಾರಿಸಬೇಕು. ಮುಖ ಕಾಣದೆ, ಮಾತಿಲ್ಲದೆ, ಎಲ್ಲಿ ಏನೋ ಬದಲಾಯಿತು ಎಂದು ನೋಡುವವರು ಕೈ ಎತ್ತಬೇಕು. ಕೈ ಎತ್ತಿದ ಜಾಗಗಳು ಹೊಂದಿಕೊಂಡರೆ ಬೆನ್ನು ಮಾತಾಡಿದೆ.

ಇನ್ನು ಕೇಳುವುದು. ‘ಘಟಶ್ರಾದ್ಧ’ದಲ್ಲಿ ಬಾಲಕ ನಾಣಿಯ ಪಾತ್ರದ ಬಹುಪಾಲು ಕೆಲಸ ನೋಡುವುದು. ದೊಡ್ಡವರ ಲೋಕ ವಿಧವೆ ಯಮುನೆಗೆ ಮಾಡುವುದನ್ನೆಲ್ಲ ಅವನು ನೋಡುತ್ತಾನೆ, ಕೊನೆಗೆ ತಲೆ ಬೋಳಿಸಿ ಹೊರಹಾಕಿದ ಯಮುನೆಯನ್ನು ದಾರಿಯಲ್ಲಿ ಹೋಗುತ್ತ ನೋಡುತ್ತಾನೆ. ಮಾತಾಡದವನ ಅಭಿನಯ ಇದು. ದೃಶ್ಯವನ್ನು ಮತ್ತೆ ಹಾಕಿ, ಮಕ್ಕಳು ಮಾತಾಡುವವರನ್ನು ನೋಡದೆ ಕೇಳುವವರನ್ನೇ ನೋಡಲಿ. ಆಮೇಲೆ ಅಂಗಳದಲ್ಲಿ: ಒಬ್ಬ ತನ್ನ ಮಾತುಗಳನ್ನು ಪ್ರತಿ ಸಲವೂ ಬೇರೆ ಬೇರೆ ರೀತಿ ಹೇಳುತ್ತಾನೆ, ಇನ್ನೊಬ್ಬ ಬಾಯಿ ತೆರೆಯುವ ಮುಂಚೆ ಎದುರಿನವನ ಕೊನೆಯ ಎರಡು ಪದಗಳನ್ನು ಅದೇ ಧಾಟಿಯಲ್ಲಿ ಮೆಲ್ಲಗೆ ಹೇಳಿ ಆಮೇಲೆ ಉತ್ತರ ಕೊಡಬೇಕು. ಎದುರಿನವನನ್ನು ಕೇಳದೆ ತನ್ನ ಮಾತಿನ ಸರದಿಗಷ್ಟೇ (ಕ್ಯೂಗೆ) ಕಾಯುವ ಚಾಳಿ ನಾಲ್ಕು ಸುತ್ತಿನಲ್ಲಿ ಬಿಡುತ್ತದೆ.

ಐದನೆಯ ಪಾಠ: ತೆರೆಯಿಂದ ರಂಗಕ್ಕೆ

ಇಷ್ಟು ಹೊತ್ತಿಗೆ ಮಕ್ಕಳ ದೃಶ್ಯ ಚೆನ್ನಾಗಿ ಕೂತಿರುತ್ತದೆ, ಆದರೆ ಮೂರು ಅಡಿ ದೂರಕ್ಕಷ್ಟೇ. ನಾಲ್ಕನೆಯ ಸಾಲಿಗೆ ಹೋಗಿ ಕೂತರೆ ಏನೂ ಕೇಳುವುದಿಲ್ಲ. ಸಿನಿಮಾ ನೋಡಿ ಕಲಿತವರ ದೊಡ್ಡ ತೊಂದರೆ ಇದು. ‘ಜೋರಾಗಿ ಹೇಳು’ ಎಂದರೆ ಇದ್ದ ನಿಜವೂ ಓಡಿಹೋಗಿ ಕೂಗಾಟ ಉಳಿಯುತ್ತದೆ.

ದೂರವನ್ನು ಮೆಟ್ಟಿಲು ಮೆಟ್ಟಿಲಾಗಿ ಹೆಚ್ಚಿಸಿ. ಅದೇ ದೃಶ್ಯ, ನೋಡುವವರು ಮೊದಲು ಒಂದು ಮೀಟರ್ ದೂರ, ಆಮೇಲೆ ಐದು, ಆಮೇಲೆ ಹದಿನೈದು. ಪ್ರತಿ ಮೆಟ್ಟಿಲಲ್ಲೂ ಒಂದೇ ಪ್ರಶ್ನೆ: ಹಿಂದಿನ ಮೆಟ್ಟಿಲಲ್ಲಿ ಕಂಡದ್ದು ಯಾವುದು ಈಗ ಕಾಣಲಿಲ್ಲ? ರೆಪ್ಪೆ, ತುಟಿ ಮೊದಲು ಹೋಗುತ್ತವೆ. ಅದನ್ನು ಉಸಿರಿಗೆ, ಬೆನ್ನುಹುರಿಗೆ, ಪಾದಕ್ಕೆ ದಾಟಿಸಬೇಕು. ಕ್ಲೋಸಪ್ಪಿನಲ್ಲಿ ಕಣ್ಣು ತಗ್ಗಿಸಿದ್ದು ರಂಗದ ಮೇಲೆ ಇಟ್ಟ ಹೆಜ್ಜೆ ಹಿಂದೆ ತೆಗೆದುಕೊಂಡದ್ದು ಆಗಬಹುದು. ಕ್ಯಾಮೆರಾ ಕೈಯತ್ತ ಒಯ್ದ ನೋಟವನ್ನು ಇಲ್ಲಿ ಜೊತೆಯ ನಟ ಒಯ್ಯಬೇಕು: ಅವನು ಅಲುಗದೆ ನಿಂತು ಆ ಕೈಯನ್ನು ನೋಡಿದರೆ ಪ್ರೇಕ್ಷಕರೂ ನೋಡುತ್ತಾರೆ.

ಕನ್ನಡದಲ್ಲಿ ಮಾತಿಗೊಂದು ವಿಶೇಷ ಅಪಾಯವಿದೆ. ನಮ್ಮ ಕ್ರಿಯಾಪದ ವಾಕ್ಯದ ಕೊನೆಯಲ್ಲಿ ಬರುತ್ತದೆ, ಉಸಿರು ಮುಗಿಯುವುದೂ ಅಲ್ಲೇ. ‘ನಾನು ನಾಳೆ ಬೆಳಿಗ್ಗೆ ಆ ಮನೆಗೆ ಹೋಗಲ್ಲ’ ಎಂಬ ಮಾತಿನಲ್ಲಿ ಕೊನೆಯ ‘ಲ್ಲ’ ನುಂಗಿಹೋದರೆ ಹತ್ತನೆಯ ಸಾಲಿನವನಿಗೆ ಅವಳು ಹೋಗುತ್ತಾಳೋ ಇಲ್ಲವೋ ತಿಳಿಯುವುದೇ ಇಲ್ಲ. ಸಿನಿಮಾದಲ್ಲಿ ಮೈಕು ಅದನ್ನು ಎತ್ತಿಕೊಳ್ಳುತ್ತದೆ, ಆದ್ದರಿಂದ ಸಿನಿಮಾ ಕೇಳಿ ಬೆಳೆದ ಕಿವಿಗೆ ತಪ್ಪು ಗೊತ್ತಾಗುವುದಿಲ್ಲ. ಹಾಳೆಯಲ್ಲಿ ಪ್ರತಿ ವಾಕ್ಯದ ಕೊನೆಯ ಪದಕ್ಕೆ ಅಡಿಗೆರೆ ಹಾಕಿಸಿ, ಆ ಪದ ಹೇಳುವಾಗ ಎದುರಿನವನತ್ತ ಒಂದು ಚೆಂಡು ಎಸೆಯುವಂತೆ ಮಾಡಿ. ಚೆಂಡು ಮುಂಚೆ ಹೋದರೆ ಮತ್ತೆ.

ಉಸಿರಿನ ಪಾಠಕ್ಕೆ ‘ಬಭ್ರುವಾಹನ’ದ ತಂದೆ-ಮಗನ ವಾಗ್ವಾದವನ್ನು ಪರದೆಗೆ ಬೆನ್ನು ಹಾಕಿ ಕೇಳಿಸಿ. ಒಂದು ಉಸಿರಿಗೆ ಎಷ್ಟು ಪದ, ಉಸಿರು ಎಲ್ಲಿ ಕದ್ದು ತೆಗೆದುಕೊಂಡರು, ಮಹಾಪ್ರಾಣ ಎಲ್ಲಿ ಒತ್ತಿದರು ಎಂದು ಗುರುತು ಹಾಕಲಿ. ಈ ಶೈಲಿಯನ್ನು ‘ಓವರ್ ಆಕ್ಟಿಂಗ್’ ಎಂದು ತಳ್ಳುವ ವಿದ್ಯಾರ್ಥಿ ಪ್ರತಿ ತರಗತಿಯಲ್ಲೂ ಇರುತ್ತಾನೆ. ಅವನಿಗೇ ಅಂಥದೊಂದು ಪದ್ಯ ಕೊಟ್ಟು, ಮೈಕಿಲ್ಲದೆ, ಅರ್ಥ ಕೆಡದೆ, ಕೊನೆಯ ಸಾಲಿಗೆ ಮುಟ್ಟಿಸು ಎನ್ನಿ. ‘ತಿಥಿ’ಯ ಗಡ್ಡಪ್ಪನನ್ನು ನೋಡಿ ‘ಏನೂ ಮಾಡದಿದ್ದರೆ ಆಯಿತು’ ಅಂದುಕೊಳ್ಳುವವರಿಗೂ ಇದೇ ಮದ್ದು. ಆ ಹಿರಿಯರ ನಡಿಗೆಯಲ್ಲಿ ಅವರ ಇಡೀ ಬದುಕಿದೆ, ನಮ್ಮ ಹುಡುಗ ಅಲ್ಲಿಗೆ ತಲುಪಲು ತನ್ನದಲ್ಲದ ಒಂದು ನಡಿಗೆಯನ್ನು ತಿಂಗಳುಗಟ್ಟಲೆ ಕಟ್ಟಬೇಕು.

ಎಡವುವ ಜಾಗಗಳು

ಭಾವ ಹಿಂಡುವುದು. ಕಣ್ಣೀರು ಬಂತೆಂದು ತರಗತಿ ಚಪ್ಪಾಳೆ ಹೊಡೆದರೆ ಮುಂದಿನ ಜೋಡಿಗಳೂ ಅಳುವುದಕ್ಕೇ ಬರುತ್ತಾರೆ. ಅತ್ತವರನ್ನು ಹೊಗಳಬೇಡಿ, ಆ ಬೀಟ್‌ನ ಕ್ರಿಯಾಪದ ಏನು ಎಂದಷ್ಟೇ ಕೇಳಿ.

ಸಾವು, ಆತ್ಮಹತ್ಯೆ, ಬಲಾತ್ಕಾರ, ಜಾತಿಯ ಅವಮಾನ ಇರುವ ದೃಶ್ಯವಾದರೆ ಹಿಂದಿನ ದಿನವೇ ಹೇಳಿ, ಆಡದೆ ವೀಕ್ಷಕರಾಗಿ ಉಳಿಯುವ ಅವಕಾಶ ಇರಲಿ. ನಿಮ್ಮ ಜೀವನದ ನೋವು ನೆನಪಿಸಿಕೊಂಡು ಆಡಿ ಎಂದು ಹದಿನೆಂಟರ ಹುಡುಗಿಗೆ ಹೇಳುವುದು ತಪ್ಪು. ಮುಟ್ಟುವ, ತಳ್ಳುವ, ಹೊಡೆಯುವ ಜಾಗಗಳನ್ನು ಮೊದಲು ನಿಧಾನವಾಗಿ ಎಣಿಕೆ ಹಾಕಿ ಕೂರಿಸಿ: ಯಾವ ಕೈ, ಎಲ್ಲಿಗೆ, ಎಷ್ಟು ಹೊತ್ತು. ಕೆನ್ನೆಗೆ ನಿಜವಾಗಿ ಹೊಡೆಯುವುದು ಎಂದಿಗೂ ಬೇಡ. ಸಿನಿಮಾದಲ್ಲಿ ಆ ಏಟಿನ ಸದ್ದು ಸ್ಟುಡಿಯೊದಲ್ಲಿ ಸೇರಿಸಿದ್ದು.

ಮೇಷ್ಟ್ರು ತಾವೇ ಆಡಿ ತೋರಿಸುವುದು ಮಕ್ಕಳಿಗೆ ಎರಡನೆಯ ಮಿಮಿಕ್ರಿಗೆ ದಾರಿ. ತೋರಿಸಲೇಬೇಕಾದರೆ ಬೇರೆ ದೃ‌ಶ್ಯದ ತುಣುಕು ತೋರಿಸಿ.

ಅಂಕ ಕೊಡುವ ಕಡೆ ‘ಮೂಲದಷ್ಟು ಚೆನ್ನಾಗಿತ್ತೇ’ ಎಂಬುದು ಲೆಕ್ಕಕ್ಕೆ ಬರಬಾರದು. 20 ಅಂಕವಾದರೆ, ಗಮನಿಸಿ ಬರೆದ ಹಾಳೆಗೆ 5, ಬೀಟ್ ಮತ್ತು ಕ್ರಿಯಾಪದಕ್ಕೆ 5, ಎದುರಿನವರನ್ನು ಕೇಳಿಸಿಕೊಂಡು ಆಡಿದ್ದಕ್ಕೆ 6, ಹದಿನೈದು ಮೀಟರ್ ದೂರಕ್ಕೆ ತಲುಪಿದ್ದಕ್ಕೆ 4. ಕೊನೆಯ ಅರ್ಧ ಗಂಟೆಯಲ್ಲಿ ಮೊದಲ ದಿನದ ವಿಡಿಯೊ ಮತ್ತು ಇವತ್ತಿನದನ್ನು ಅಕ್ಕಪಕ್ಕ ಹಾಕಿ. ವ್ಯತ್ಯಾಸವನ್ನು ನೀವು ಹೇಳಬೇಡಿ, ಅವರೇ ಕಂಡದ್ದನ್ನು ಬರೆಯಲಿ, ಅದೇ ನಾಲ್ಕು ಕಾಲಮ್ಮಿನ ಹಾಳೆಯಲ್ಲಿ. ಆಮೇಲೆ ಆ ವಿಡಿಯೊಗಳನ್ನು ಅವರವರಿಗೆ ಕೊಟ್ಟು ನಿಮ್ಮ ಮೊಬೈಲಿನಿಂದ ಅಳಿಸಿಬಿಡಿ. ಮುಂದಿನ ದೃಶ್ಯವನ್ನು ಆರಿಸುವ ಕೆಲಸ ಈ ಸಲ ಅವರದ್ದಾಗಲಿ: ಬೆರಳಲ್ಲಿ ಕಟ್ ಎಣಿಸಿ, ಕೇಳಿ ಬರೆದ ಸಂಭಾಷಣೆಯೊಂದಿಗೆ ಸೋಮವಾರ ಬರಬೇಕು.